ಬಿಲ್ಲೆ ತಂದವರಿಗೆ ಬಾಗಿಲು

ಒಂಟಿ ಹಳಿಯ ರೈಲುಮಾರ್ಗದಲ್ಲಿ ಎದುರುಬದುರಾಗಿ ಬರುವ ಎರಡು ಗಾಡಿಗಳು ಡಿಕ್ಕಿ ಹೊಡೆಯದಂತೆ ತಡೆಯುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ಬಹು ಸರಳವಾದುದು. ಎರಡು ನಿಲ್ದಾಣಗಳ ನಡುವಣ ಹಳಿಯನ್ನು ಗಾಡಿ ಪ್ರವೇಶಿಸಬೇಕಾದರೆ ಆ ಭಾಗಕ್ಕೆಂದೇ ಗೊತ್ತುಮಾಡಿದ ಒಂದು ಟೋಕನ್ ಚಾಲಕನ ಕೈಯಲ್ಲಿರತಕ್ಕದ್ದು; ಇಲ್ಲದಿದ್ದರೆ ಗಾಡಿ ಹೊರಡಕೂಡದು. ನಮ್ಮ ದೇಶದ ರೈಲ್ವೆಯಲ್ಲಿ ಬಹುಕಾಲ ಬಳಸಿದ ನೀಲ್ ಯಂತ್ರದಲ್ಲಿ ಈ ಟೋಕನ್ ಒಂದು ಲೋಹದ ಗುಂಡು. ಅದನ್ನು ಚೀಲದಲ್ಲಿಟ್ಟು, ದೊಡ್ಡ ಬಳೆಯಂತೆ ಬಾಗಿಸಿದ ಬೆತ್ತಕ್ಕೆ ಕಟ್ಟಿ, ಚಲಿಸುವ ಎಂಜಿನ್ನಿನಿಂದ ತೋಳು ಚಾಚಿದ ಸಿಬ್ಬಂದಿಗೆ ದಾಟಿಸುವುದನ್ನು ವಾಚಕರ ಮನೆಯ ಹಿರಿಯರು ನೋಡಿದ್ದಿರಬಹುದು. ಎರಡು ನಿಲ್ದಾಣಗಳ ಯಂತ್ರಗಳೂ ತಂತಿಯಿಂದ ಕೂಡಿಕೊಂಡಿರುತ್ತವೆ. ಒಂದರಿಂದ ಗುಂಡು ಹೊರಬಂದಿತೆಂದರೆ ಅದು ಮರಳಿ ಯಂತ್ರವನ್ನು ಸೇರುವವರೆಗೆ ಎರಡರಲ್ಲಿ ಯಾವುದರಿಂದಲೂ ಇನ್ನೊಂದು ಗುಂಡು ಹೊರಬರದು.

ಈ ಏರ್ಪಾಡಿನಲ್ಲಿ ಚಾಲಕನ ಹೆಸರನ್ನು ಯಾರೂ ಕೇಳುವುದಿಲ್ಲವೆಂಬುದನ್ನು ಗಮನಿಸಬೇಕು. ಗುಂಡು ಯಾರ ಕೈಯಲ್ಲಿದೆಯೋ ಹಳಿಯ ಅಧಿಕಾರ ಅವರದು. ಇಷ್ಟು ಕುರುಡಾದ ನಿಯಮ ಸುರಕ್ಷಿತವಾಗಿರುವುದಕ್ಕೆ ಕಾರಣ ಭೌತವಿಜ್ಞಾನದ ಒಂದು ಸಾಮಾನ್ಯ ಸಂಗತಿ: ಒಂದು ಲೋಹದ ಗುಂಡು ಏಕಕಾಲದಲ್ಲಿ ಎರಡು ಸ್ಥಳಗಳಲ್ಲಿ ಇರಲಾರದು.

ಇಂದು ನಾವು ಬ್ಯಾಂಕಿನ ಲೆಕ್ಕ ನೋಡುವಾಗ, ಪರೀಕ್ಷೆಯ ಶುಲ್ಕ ಕಟ್ಟುವಾಗ, ಗೆಳೆಯರಿಗೆ ಚಿತ್ರ ಕಳುಹಿಸುವಾಗ ನಮಗೆ ಕಾಣದಂತೆ ಒಂದು ಟೋಕನ್ ಓಡಾಡುತ್ತಲೇ ಇರುತ್ತದೆ. ಅಲ್ಲಿಯೂ ನಿಯಮ ಅದೇ: ಟೋಕನ್ ತಂದವರಿಗೆ ಬಾಗಿಲು ತೆರೆಯುತ್ತದೆ. ಆದರೆ ಈ ಟೋಕನ್ ಲೋಹದ್ದಲ್ಲ. ಅಕ್ಷರಗಳ ಒಂದು ಸಾಲು. ಅಕ್ಷರಗಳ ಸಾಲು ಏಕಕಾಲದಲ್ಲಿ ಹತ್ತು ಸಾವಿರ ಸ್ಥಳಗಳಲ್ಲಿ ಇರಬಲ್ಲದು. ಗುಂಡಿಗೆ ಪ್ರಕೃತಿಯೇ ಕೊಟ್ಟ ರಕ್ಷಣೆಯನ್ನು ಇಲ್ಲಿ ಪ್ರೋಗ್ರಾಮು ಬರೆಯುವವರು ತಮ್ಮ ಬುದ್ಧಿಯಿಂದ ಒದಗಿಸಬೇಕು. ಅವರು ಅದನ್ನು ಹೇಗೆ ಒದಗಿಸುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಮರೆವಿನ ಸರ್ವರ್

ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ೧೯೮೯ರಿಂದ ಮೊದಲುಗೊಂಡು ರೂಪಿಸಿದ ವರ್ಲ್ಡ್ ವೈಡ್ ವೆಬ್ಬಿಗೆ ಒಂದು ವಿಶೇಷ ಗುಣವಿದೆ, ಅದೆಂದರೆ ಮರೆವು. ನಮ್ಮ ಬ್ರೌಸರ್ ಒಂದು ಪುಟವನ್ನು ಬೇಡುತ್ತದೆ, ದೂರದ ಸರ್ವರ್ ಕೊಡುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಮರುಕ್ಷಣವೇ ಇನ್ನೊಂದು ಪುಟವನ್ನು ಬೇಡಿದರೆ ಬೇಡುತ್ತಿರುವವರು ಮೊದಲಿನವರೇ ಎಂಬುದು ಸರ್ವರಿಗೆ ತಿಳಿಯದು. ವಿಜ್ಞಾನಿಗಳು ತಮ್ಮ ಪ್ರಬಂಧಗಳನ್ನು ಹಂಚಿಕೊಳ್ಳುವುದಕ್ಕೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ. ಸರ್ವರಿನ ಕೆಲಸ ಹಗುರವೂ ಆಗುತ್ತಿತ್ತು. ಆದರೆ ಅಂಗಡಿಗಳು ವೆಬ್ಬಿಗೆ ಬಂದಾಗ ಈ ಮರೆವು ಕಂಟಕವಾಯಿತು. ಬುಟ್ಟಿಯಲ್ಲಿ ಹಾಕಿದ ಸಾಮಾನು ಯಾರದೆಂಬುದನ್ನು ಹೆಜ್ಜೆಹೆಜ್ಜೆಗೂ ಮರೆಯುವ ಅಂಗಡಿಯವನಿಂದ ವ್ಯಾಪಾರ ನಡೆಯುವುದುಂಟೆ?

೧೯೯೪ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಇದಕ್ಕೆ ಪರಿಹಾರವಾಗಿ 'ಕುಕಿ' ಎಂಬುದನ್ನು ಕಲ್ಪಿಸಿದರು. ಸರ್ವರ್ ಒಂದು ಚಿಕ್ಕ ಚೀಟಿಯನ್ನು ಕೊಡುತ್ತದೆ. ಬ್ರೌಸರ್ ಪ್ರತಿಸಲವೂ ಆ ಚೀಟಿಯನ್ನು ಜೊತೆಗೆ ತರುತ್ತದೆ. ಹಿಂದೆ ಬ್ಯಾಂಕುಗಳಲ್ಲಿ ಚೆಕ್ಕನ್ನು ತೆಗೆದುಕೊಂಡು ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದರಷ್ಟೆ. ಆ ಬಿಲ್ಲೆಯ ಮೇಲಿನ ೪೭ ಎಂಬ ಸಂಖ್ಯೆಗೆ ಸ್ವತಃ ಅರ್ಥವಿಲ್ಲ. ಗುಮಾಸ್ತರ ಪುಸ್ತಕದಲ್ಲಿ ೪೭ರ ಎದುರು ಏನು ಬರೆದಿದೆಯೋ ಅದೇ ಅದರ ಅರ್ಥ. ಕುಕಿಯೂ ಮೊದಮೊದಲು ಹೀಗೆಯೇ ಕೆಲಸ ಮಾಡಿತು, ಈಗಲೂ ಬಹಳ ಕಡೆ ಮಾಡುತ್ತಿದೆ. ನಾವು ಒಮ್ಮೆ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕೊಡನೆ ಸರ್ವರ್ ಊಹಿಸಲಾಗದಷ್ಟು ದೊಡ್ಡದಾದ ಒಂದು ಸಂಖ್ಯೆಯನ್ನು ಎತ್ತಿ ನಮಗೆ ಕೊಡುತ್ತದೆ, ತನ್ನ ಪಟ್ಟಿಯಲ್ಲಿ ಅದರ ಎದುರು ನಮ್ಮ ಹೆಸರನ್ನು ಬರೆದಿಡುತ್ತದೆ.

ಬಳಸುವವರು ಸಾವಿರವಿದ್ದಾಗ ಇದು ಸುಗಮ. ಕೋಟಿಗಳಾದಾಗ ಒಂದೇ ಸರ್ವರ್ ಸಾಲದೆ ನೂರಾರು ಬೇಕಾಗುತ್ತವೆ. ಯಾವ ಸರ್ವರಿನ ಮುಂದೆ ಬಿಲ್ಲೆ ಬಂದರೂ ಅದು ಪಟ್ಟಿ ಇರುವ ಕಡೆಗೆ ಓಡಿಹೋಗಿ ವಿಚಾರಿಸಿ ಬರಬೇಕು. ಆದುದರಿಂದ ಬೇರೊಂದು ಆಲೋಚನೆ ಬಲಗೊಂಡಿತು: ಬಿಲ್ಲೆಯ ಮೇಲೆ ಬರಿಯ ನಂಬರಿನ ಬದಲು, ಇವರು ಯಾರು, ಏನು ಮಾಡಬಹುದು, ಎಲ್ಲಿಯವರೆಗೆ ಎಂಬುದನ್ನೇ ಬರೆದು ಮುದ್ರೆಯೊತ್ತಿ ಕೊಟ್ಟರೆ ಪಟ್ಟಿಯ ಗೊಡವೆಯೇ ಬೇಡವಲ್ಲ! ಮುದ್ರೆ ಸರಿಯಾಗಿದ್ದರೆ ಮಾತನ್ನು ನಂಬುವುದು, ಇಲ್ಲವಾದರೆ ಬಾಗಿಲು ಮುಚ್ಚುವುದು. ಈ ಬಗೆಯ ಟೋಕನ್ನುಗಳಲ್ಲಿ ಹೆಚ್ಚು ಪ್ರಚಾರಕ್ಕೆ ಬಂದದ್ದು 'ಜೇಸನ್ ವೆಬ್ ಟೋಕನ್'. ಇಂಟರ್‌ನೆಟ್ಟಿನ ಎಂಜಿನಿಯರಿಂಗ್ ಮಂಡಲಿಯು ಇದರ ನಿಯಮಗಳನ್ನು ೨೦೧೫ರ ಮೇ ತಿಂಗಳಲ್ಲಿ ಪ್ರಕಟಿಸಿತು.

ಮುದ್ರೆಯೆಂದರೇನು?

ಇಂತಹ ಟೋಕನ್ನನ್ನು ತೆರೆದು ನೋಡಿದರೆ ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸಾಲು ಕಾಣುತ್ತದೆ. ನಡುವೆ ಎರಡು ಚುಕ್ಕೆಗಳಿದ್ದು ಅವು ಸಾಲನ್ನು ಮೂರು ಭಾಗಗಳಾಗಿ ಒಡೆಯುತ್ತವೆ. ಮೊದಲನೆಯದು ಮುದ್ರೆಯ ಬಗೆಯನ್ನು ಹೇಳುತ್ತದೆ, ಎರಡನೆಯದು ಒಕ್ಕಣೆ, ಮೂರನೆಯದು ಮುದ್ರೆ. ವಿಚಿತ್ರವೆಂದರೆ ಇಂತಹ ಟೋಕನ್ನುಗಳೆಲ್ಲ ಸಾಮಾನ್ಯವಾಗಿ ಇಂಗ್ಲಿಷಿನ ಸಣ್ಣ 'ಇ', ಸಣ್ಣ 'ವೈ', ದೊಡ್ಡ 'ಜೆ' ಎಂಬ ಮೂರು ಅಕ್ಷರಗಳಿಂದಲೇ ಪ್ರಾರಂಭವಾಗುತ್ತವೆ. ಇದರ ಕಾರಣವನ್ನು ಕಾಗದದ ಮೇಲೆಯೇ ಕಂಡುಹಿಡಿಯಬಹುದು.

ಒಕ್ಕಣೆಯನ್ನು ಜೇಸನ್ ಎಂಬ ಪದ್ಧತಿಯಲ್ಲಿ ಬರೆಯುತ್ತಾರೆ. ಅದರಲ್ಲಿ ಮೊದಲು ಒಂದು ಸುರುಳಿ ಆವರಣ, ಅನಂತರ ಜೋಡಿ ಉದ್ಧರಣ ಚಿಹ್ನೆ ಬರುತ್ತವೆ. ಕಂಪ್ಯೂಟರಿನ ವರ್ಣಮಾಲೆಯಲ್ಲಿ ಇವುಗಳ ಸಂಖ್ಯೆ ೧೨೩ ಮತ್ತು ೩೪. ದ್ವಿಮಾನದಲ್ಲಿ ಬರೆದರೆ ೦೧೧೧೧೦೧೧ ಮತ್ತು ೦೦೧೦೦೦೧೦. ಇವುಗಳ ಮುಂದೆ ಯಾವ ಸಣ್ಣ ಇಂಗ್ಲಿಷ್ ಅಕ್ಷರ ಬಂದರೂ ಅದರ ಮೊದಲ ಎರಡು ಅಂಕೆಗಳು ೦೧. ಈ ಹದಿನೆಂಟು ಅಂಕೆಗಳನ್ನು ಆರಾರರಂತೆ ಒಡೆದರೆ ೦೧೧೧೧೦, ೧೧೦೦೧೦, ೦೦೧೦೦೧ ಎಂದಾಗುತ್ತದೆ. ಎಂದರೆ ೩೦, ೫೦, ೯. ದೊಡ್ಡ ಅಕ್ಷರಗಳಿಗೆ ೦ಯಿಂದ ೨೫ರವರೆಗೆ, ಸಣ್ಣ ಅಕ್ಷರಗಳಿಗೆ ೨೬ರಿಂದ ೫೧ರವರೆಗೆ ಎಂದು ಎಣಿಸುತ್ತ ಹೋದರೆ ೩೦ ಸಣ್ಣ 'ಇ', ೫೦ ಸಣ್ಣ 'ವೈ', ೯ ದೊಡ್ಡ 'ಜೆ'.

ಇಷ್ಟು ವಿಸ್ತಾರವಾಗಿ ಲೆಕ್ಕಮಾಡಿದ್ದಕ್ಕೆ ಉದ್ದೇಶವಿದೆ. ನೋಡಲು ಗುಪ್ತಲಿಪಿಯಂತಿರುವ ಈ ಸಾಲಿನಲ್ಲಿ ಗುಟ್ಟೇನೂ ಇಲ್ಲ. ಅದು ಕೇವಲ ವೇಷ ಬದಲಿಸಿದ ಬರವಣಿಗೆ. ಪೆನ್ಸಿಲು ಹಿಡಿದ ಯಾವ ವಿದ್ಯಾರ್ಥಿಯಾದರೂ ಅದನ್ನು ಓದಬಲ್ಲನು. ಆದ್ದರಿಂದ ಇಂತಹ ಟೋಕನ್ನಿನ ಒಕ್ಕಣೆಯಲ್ಲಿ ಪಾಸ್‌ವರ್ಡನ್ನಾಗಲಿ ಮನೆಯ ವಿಳಾಸವನ್ನಾಗಲಿ ತುಂಬಿಸುವುದು, ಅಂಚೆಯ ಕಾರ್ಡಿನ ಮೇಲೆ ಗುಟ್ಟನ್ನು ಬರೆದಂತೆ. ಮುದ್ರೆಯ ಕೆಲಸ ಒಕ್ಕಣೆಯನ್ನು ಮುಚ್ಚಿಡುವುದಲ್ಲ. ಯಾರೂ ಅದನ್ನು ತಿದ್ದಿಲ್ಲವೆಂದು ತೋರಿಸುವುದು.

ಕಾಲೇಜೊಂದರ ಪುಸ್ತಕಭಂಡಾರಕ್ಕೆ ಒಂದು ಜಾಲತಾಣವಿದೆಯೆಂದು ಭಾವಿಸೋಣ. ನಮ್ಮ ಟೋಕನ್ನಿನ ಒಕ್ಕಣೆಯಲ್ಲಿ 'ಸದಸ್ಯ ಸಂಖ್ಯೆ ೨೧೪, ವಿದ್ಯಾರ್ಥಿ' ಎಂದಿದೆ. ಒಬ್ಬ ಚತುರನು ಅದನ್ನು ಬಿಡಿಸಿ, 'ವಿದ್ಯಾರ್ಥಿ' ಎಂಬುದನ್ನು ಹೊಡೆದು 'ಗ್ರಂಥಪಾಲಕ' ಎಂದು ಬರೆದು, ಮತ್ತೆ ಮೊದಲಿನ ವೇಷ ತೊಡಿಸಿ ಕಳುಹಿಸಿದರೆ? ಸರ್ವರ್ ಇದನ್ನು ಹಿಡಿಯುವ ಉಪಾಯ ಹೀಗಿದೆ. ಅದರ ಬಳಿ ಒಂದು ರಹಸ್ಯ ಕೀಲಿ, ಎಂದರೆ ಒಂದು ದೊಡ್ಡ ಸಂಖ್ಯೆ, ಇರುತ್ತದೆ. ಒಕ್ಕಣೆಯನ್ನೂ ಕೀಲಿಯನ್ನೂ ಒಂದು ಗೊತ್ತಾದ ಕ್ರಮದಲ್ಲಿ ಎರಡು ಸುತ್ತು ಅರೆದು ೨೫೬ ದ್ವಿಮಾನ ಅಂಕೆಗಳ ಒಂದು ಸಾರವನ್ನು ಅದು ತೆಗೆಯುತ್ತದೆ. ಅರೆಯುವ ವಿಧಾನಕ್ಕೆ ಹ್ಯಾಶ್ ಎಂದು ಹೆಸರು. ಒಕ್ಕಣೆಯಲ್ಲಿ ಒಂದೇ ಒಂದು ಅಂಕೆ ಬದಲಾದರೂ ಸಾರದಲ್ಲಿ ಸುಮಾರು ಅರ್ಧದಷ್ಟು ಅಂಕೆಗಳು ಬದಲಾಗುತ್ತವೆ. ಸಾರದಿಂದ ಹಿಂದಕ್ಕೆ ನಡೆದು ಕೀಲಿಯನ್ನು ಕಂಡುಕೊಳ್ಳುವ ದಾರಿ ಯಾರಿಗೂ ತಿಳಿದಿಲ್ಲ. ಕೀಲಿಯನ್ನು ಹೀಗೆ ಬೆರೆಸುವ ಕ್ರಮವನ್ನು ಬೆಲ್ಲಾರೆ, ಕನೆಟ್ಟಿ, ಕ್ರಾವ್ಚಿಕ್ ಎಂಬ ಮೂವರು ೧೯೯೬ರಲ್ಲಿ ಪ್ರಕಟಿಸಿದರು. ಟೋಕನ್ ಮರಳಿ ಬಂದಾಗ ಸರ್ವರ್ ಹೊಸದಾಗಿ ಸಾರವನ್ನು ತೆಗೆದು ಟೋಕನ್ನಿನ ಮೂರನೆಯ ಭಾಗದೊಡನೆ ಹೋಲಿಸುತ್ತದೆ. ಕೀಲಿಯಿಲ್ಲದ ಚತುರನು 'ಗ್ರಂಥಪಾಲಕ'ನಿಗೆ ತಕ್ಕ ಸಾರವನ್ನು ಎಲ್ಲಿಂದ ತಂದಾನು?

ಊಹಿಸಿ ತರಬಹುದಲ್ಲವೆ ಎಂದು ವಾಚಕರು ಕೇಳಬಹುದು. ೨೫೬ ಅಂಕೆಗಳ ಕೀಲಿಗಳ ಒಟ್ಟು ಸಂಖ್ಯೆ ೧ರ ಮುಂದೆ ೭೭ ಸೊನ್ನೆಗಳನ್ನಿಟ್ಟರೆ ಬರುವುದಕ್ಕಿಂತ ತುಸು ಹೆಚ್ಚು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿಗಳನ್ನು ಪರೀಕ್ಷಿಸುವ ಯಂತ್ರವೊಂದು ವಿಶ್ವದ ಹುಟ್ಟಿನಿಂದ, ಎಂದರೆ ಸುಮಾರು ೧೩೮೦ ಕೋಟಿ ವರ್ಷಗಳಿಂದ, ಎಡೆಬಿಡದೆ ದುಡಿಯುತ್ತ ಬಂದಿದ್ದರೂ ಅದು ನೋಡಿ ಮುಗಿಸಿದ ಕೀಲಿಗಳ ಸಂಖ್ಯೆ ೧ರ ಮುಂದೆ ೩೦ ಸೊನ್ನೆಗಳಷ್ಟನ್ನೂ ಮುಟ್ಟುತ್ತಿರಲಿಲ್ಲ. ಆದರೆ ಈ ಭವ್ಯವಾದ ಲೆಕ್ಕವೆಲ್ಲ ಕೀಲಿಯನ್ನು ನಿಜವಾಗಿ ಯದೃಚ್ಛೆಯಿಂದ ಎತ್ತಿದಾಗ ಮಾತ್ರ ಸತ್ಯ. ಪ್ರೋಗ್ರಾಮು ಬರೆಯುವವರು ಅವಸರದಲ್ಲಿ 'ಸೀಕ್ರೆಟ್' ಎಂಬ ಪದವನ್ನೇ ಕೀಲಿಯಾಗಿಟ್ಟರೆ, ಒಂದು ಟೋಕನ್ ಕೈಗೆ ಸಿಕ್ಕಿದ ಯಾರೇ ಆಗಲಿ ನಿಘಂಟಿನ ಪದಗಳನ್ನು ಒಂದೊಂದಾಗಿ ತಮ್ಮ ಮನೆಯ ಕಂಪ್ಯೂಟರಿನಲ್ಲಿಯೇ ಹೊಂದಿಸಿ ನೋಡಿ ಕೆಲವೇ ಕ್ಷಣಗಳಲ್ಲಿ ಕೀಲಿಯನ್ನು ಕಂಡುಕೊಂಡಾರು. ಸರ್ವರಿಗೆ ಅದರ ಸುಳಿವೂ ಸಿಕ್ಕದು.

ಕಳ್ಳನನ್ನೇ ಕೇಳಿದ ಕಾವಲುಗಾರ

ಇದಕ್ಕಿಂತಲೂ ಸೋಜಿಗವಾದ ದೋಷವೊಂದು ೨೦೧೫ರ ಮಾರ್ಚಿಯಲ್ಲಿ ಬೆಳಕಿಗೆ ಬಂದಿತು. ಟೋಕನ್ನಿನ ಮೊದಲ ಭಾಗ ಮುದ್ರೆಯ ಬಗೆಯನ್ನು ಹೇಳುತ್ತದೆಂದೆವಷ್ಟೆ. ನಿಯಮಾವಳಿಯಲ್ಲಿ 'ಮುದ್ರೆಯಿಲ್ಲ' ಎಂಬುದೂ ಒಂದು ಬಗೆಯಾಗಿತ್ತು. ಟೋಕನ್ನಿನ ಪ್ರಾಮಾಣ್ಯವನ್ನು ಬೇರೆ ರೀತಿಯಲ್ಲಿ ಆಗಲೇ ಖಚಿತಮಾಡಿಕೊಂಡ ಸಂದರ್ಭಗಳಿಗಾಗಿ ಅದನ್ನು ಇರಿಸಿದ್ದರು. ಟೋಕನ್ನನ್ನು ಪರೀಕ್ಷಿಸಲು ಎಲ್ಲರೂ ಬಳಸುತ್ತಿದ್ದ ಕೆಲವು ಸಿದ್ಧ ಪ್ರೋಗ್ರಾಮುಗಳು ಈ ಮೊದಲ ಭಾಗವನ್ನು ಓದಿ, ಅದು ಹೇಳಿದಂತೆ ನಡೆಯುತ್ತಿದ್ದವು. ಟೋಕನ್ 'ನನಗೆ ಮುದ್ರೆಯಿಲ್ಲ' ಎಂದರೆ, 'ಹಾಗಾದರೆ ಪರೀಕ್ಷಿಸುವುದೇನೂ ಇಲ್ಲ, ಒಳಗೆ ಬಾ' ಎನ್ನುತ್ತಿದ್ದವು! ಟಿಮ್ ಮೆಕ್ಲೀನ್ ಎಂಬುವರು ಇದನ್ನು ಬಹಿರಂಗಪಡಿಸಿದಾಗ ಅನೇಕರು ತಮ್ಮ ಪ್ರೋಗ್ರಾಮುಗಳನ್ನು ತಿದ್ದಿಕೊಳ್ಳಬೇಕಾಯಿತು.

ಅದೇ ಪ್ರಕಟಣೆಯಲ್ಲಿ ಎರಡನೆಯ ದೋಷವೂ ಇತ್ತು. ಅದು ಇನ್ನೂ ಸೂಕ್ಷ್ಮವಾದುದು. ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ೧೯೭೭ರಲ್ಲಿ ಕಂಡುಹಿಡಿದ ಪದ್ಧತಿಯಲ್ಲಿ ಒಂದರ ಬದಲು ಜೋಡಿ ಕೀಲಿಗಳಿರುತ್ತವೆ. ಗುಪ್ತವಾದ ಕೀಲಿಯಿಂದ ರುಜು ಹಾಕುವುದು, ಬಹಿರಂಗವಾದ ಕೀಲಿಯಿಂದ ರುಜುವನ್ನು ಪರೀಕ್ಷಿಸುವುದು. ಟೋಕನ್ ಕೊಡುವ ಸಂಸ್ಥೆ ಒಂದು, ಪರೀಕ್ಷಿಸುವ ಸರ್ವರುಗಳು ನೂರು ಇರುವಾಗ ಇದರ ಅನುಕೂಲ ಸ್ಪಷ್ಟ: ರುಜು ಹಾಕುವ ಶಕ್ತಿ ಒಬ್ಬರಲ್ಲಿಯೇ ಉಳಿಯುತ್ತದೆ. ಬಹಿರಂಗ ಕೀಲಿಯನ್ನು ಊರಿಗೆಲ್ಲ ಸಾರಿದರೂ ಬಾಧಕವಿಲ್ಲ. ಈಗ ನಮ್ಮ ಚತುರನು ಮಾಡಿದ್ದೇನು? ಆ ಬಹಿರಂಗ ಕೀಲಿಯನ್ನು ತೆಗೆದುಕೊಂಡು, ಅದನ್ನೇ ಹಿಂದೆ ಹೇಳಿದ ಅರೆಯುವ ಮುದ್ರೆಯ 'ರಹಸ್ಯ' ಕೀಲಿಯಂತೆ ಬಳಸಿ ತನ್ನ ಸುಳ್ಳು ಒಕ್ಕಣೆಗೆ ಮುದ್ರೆಯೊತ್ತಿದನು. ಮೊದಲ ಭಾಗದಲ್ಲಿ 'ಇದು ಅರೆಯುವ ಮುದ್ರೆ' ಎಂದು ಬರೆದನು. ಸರ್ವರ್ ಆ ಮಾತನ್ನು ನಂಬಿತು. ತನ್ನ ಬಳಿಯಿದ್ದ ಕೀಲಿಯಿಂದ, ಎಂದರೆ ಅದೇ ಬಹಿರಂಗ ಕೀಲಿಯಿಂದ, ಸಾರವನ್ನು ತೆಗೆಯಿತು. ಎರಡೂ ಸರಿಹೊಂದಿದವು. ಗಣಿತದಲ್ಲಿ ಎಲ್ಲಿಯೂ ತಪ್ಪಿಲ್ಲ. ಎರಡು ಪದ್ಧತಿಗಳೂ ತಮ್ಮಷ್ಟಕ್ಕೆ ಅಭೇದ್ಯ. ಯಾವ ಪದ್ಧತಿಯಿಂದ ಪರೀಕ್ಷಿಸಬೇಕೆಂಬುದನ್ನು ಪರೀಕ್ಷೆಗೆ ಒಳಗಾಗುವವನಿಗೇ ಬಿಟ್ಟುಕೊಟ್ಟದ್ದೇ ಅನರ್ಥಕ್ಕೆ ಮೂಲ. ೨೦೨೦ರ ಫೆಬ್ರವರಿಯಲ್ಲಿ ಪ್ರಕಟವಾದ ಮಾರ್ಗದರ್ಶಿಕೆ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಒಪ್ಪತಕ್ಕ ಪದ್ಧತಿಗಳನ್ನು ಸರ್ವರಿನ ಪ್ರೋಗ್ರಾಮಿನಲ್ಲಿ ಮೊದಲೇ ನಮೂದಿಸಿರಬೇಕು. ಟೋಕನ್ ಬೇರೆ ಏನನ್ನು ಹೇಳಿದರೂ ಅದನ್ನು ತಿರಸ್ಕರಿಸಬೇಕು.

ಮುದ್ರೆ ನಿಜವೆಂದು ತಿಳಿದ ಮೇಲೆ ಒಕ್ಕಣೆಯನ್ನು ಓದುವ ಕೆಲಸ. ಟೋಕನ್ನನ್ನು ಕೊಟ್ಟವರು ಯಾರು, ಅದು ಯಾವ ಸರ್ವರಿಗಾಗಿ ಕೊಟ್ಟದ್ದು ಎಂಬುದನ್ನು ನೋಡಬೇಕು. ಬೇರೆ ಊರಿನ ಬಸ್ಸಿನ ಟಿಕೇಟು ಎಷ್ಟೇ ನಿಜವಾದರೂ ಈ ಬಸ್ಸಿಗೆ ಆಗದಷ್ಟೆ. ಅವಧಿಯನ್ನೂ ನೋಡಬೇಕು. ಅವಧಿಯನ್ನು ೧೯೭೦ನೆಯ ಜನವರಿ ೧ರಿಂದ ಕಳೆದ ಸೆಕೆಂಡುಗಳ ಲೆಕ್ಕದಲ್ಲಿ ಬರೆಯುವುದು ವಾಡಿಕೆ. ಉದಾಹರಣೆಗೆ ೧೭೦ ಕೋಟಿ ಎಂಬ ಸಂಖ್ಯೆಯು ಭಾರತದ ಗಡಿಯಾರದಂತೆ ೨೦೨೩ನೆಯ ನವೆಂಬರ್ ೧೫ರ ಬೆಳಗಿನ ಜಾವ ೩ ಗಂಟೆ ೪೩ ನಿಮಿಷವನ್ನು ಸೂಚಿಸುತ್ತದೆ. ಇಲ್ಲಿ ನಮ್ಮ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹಿಡಿಸುವಂತಹ ಒಂದು ಮೋಜಿದೆ. ಜಾವಾಸ್ಕ್ರಿಪ್ಟ್ ಭಾಷೆಯ ಗಡಿಯಾರ ಎಣಿಸುವುದು ಸೆಕೆಂಡುಗಳನ್ನಲ್ಲ, ಮಿಲಿಸೆಕೆಂಡುಗಳನ್ನು. ಮಾನವನ್ನು ಬದಲಿಸದೆ ಆ ಸಂಖ್ಯೆಯನ್ನೇ ಟೋಕನ್ನಿನಲ್ಲಿ ಬರೆದರೆ, ಒಂದು ಗಂಟೆ ಬಾಳಬೇಕಾದ ಟೋಕನ್ನಿಗೆ ಐವತ್ತು ಸಾವಿರ ವರ್ಷಗಳಿಗೂ ಮೀರಿದ ಆಯುಸ್ಸು ಲಭಿಸುತ್ತದೆ! ಉತ್ತರದ ಮುಂದೆ ಮಾನವನ್ನು ಬರೆಯದಿದ್ದರೆ ಅಂಕ ಕತ್ತರಿಸುವ ಅಧ್ಯಾಪಕರನ್ನು ಶಪಿಸುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಇಷ್ಟೆಲ್ಲ ಆದ ಮೇಲೂ ಸರ್ವರ್ ತಿಳಿದದ್ದು ಇವರು ಯಾರೆಂಬುದನ್ನು ಮಾತ್ರ. ಇವರು ಬೇಡುತ್ತಿರುವ ಕೆಲಸಕ್ಕೆ ಇವರಿಗೆ ಅಧಿಕಾರವಿದೆಯೆ ಎಂಬುದು ಬೇರೆಯೇ ಪ್ರಶ್ನೆ. ಗುರುತಿಸುವುದು ಒಂದು, ಅನುಮತಿಸುವುದು ಇನ್ನೊಂದು. ಇವೆರಡರ ಗೊಂದಲ ವೆಬ್ಬಿನ ನಿಯಮಗಳಲ್ಲಿಯೇ ಹೊಕ್ಕಿದೆ: ನಿಮ್ಮ ಗುರುತು ಸಿಗಲಿಲ್ಲ ಎನ್ನುವುದಕ್ಕೆ ಸರ್ವರ್ ಕೊಡುವ ಉತ್ತರದ ಸಂಖ್ಯೆ ೪೦೧, ಆದರೆ ಅದಕ್ಕೆ ಇಟ್ಟ ಇಂಗ್ಲಿಷ್ ಹೆಸರಿನ ಅರ್ಥ 'ಅಧಿಕಾರವಿಲ್ಲ' ಎಂದು. ಗುರುತು ಸಿಕ್ಕಿದೆ, ಆದರೆ ಅಧಿಕಾರವಿಲ್ಲ ಎನ್ನುವುದಕ್ಕೆ ೪೦೩ ಎಂಬ ಬೇರೆ ಸಂಖ್ಯೆ ಇದೆ. ಪುಸ್ತಕಭಂಡಾರದ ಉದಾಹರಣೆಗೆ ಮರಳಿದರೆ, ೨೧೪ನೆಯ ಸದಸ್ಯನು ತನ್ನ ಲೆಕ್ಕದ ಪುಟವನ್ನು ತೆರೆದಾಗ ವಿಳಾಸದ ಕೊನೆಯಲ್ಲಿ ೨೧೪ ಎಂದಿರುವುದನ್ನು ಕಾಣುತ್ತಾನೆ. ಕುತೂಹಲಕ್ಕೆ ಅದನ್ನು ೨೧೫ ಎಂದು ತಿದ್ದುತ್ತಾನೆ. ಅವನ ಟೋಕನ್ ನಿಜವಾದುದು, ಮುದ್ರೆ ಸರಿಯಾಗಿದೆ, ಅವಧಿ ಮೀರಿಲ್ಲ. ಪ್ರೋಗ್ರಾಮು ಅಷ್ಟಕ್ಕೇ ತೃಪ್ತಿಪಟ್ಟರೆ ಪಕ್ಕದವರ ಲೆಕ್ಕ ತೆರೆದುಕೊಳ್ಳುತ್ತದೆ. 'ಬೇಡಿದ ಲೆಕ್ಕದ ಒಡೆಯರೂ ಟೋಕನ್ನಿನ ಒಡೆಯರೂ ಒಬ್ಬರೆಯೆ?' ಎಂಬ ಒಂದು ಸಾಲಿನ ಪ್ರಶ್ನೆಯನ್ನು ಪ್ರತಿಯೊಂದು ಪುಟದಲ್ಲಿಯೂ ಕೇಳಬೇಕು. ಈ ಸಾಲು ಬಹಳ ಕಡೆ ಬಿಟ್ಟುಹೋಗಿರುತ್ತದೆ. ವೆಬ್ ಪ್ರೋಗ್ರಾಮುಗಳ ಸುರಕ್ಷತೆಯನ್ನು ಅಭ್ಯಸಿಸುವ ಓವಾಸ್ಪ್ ಎಂಬ ಸಂಸ್ಥೆ ೨೦೨೧ರಲ್ಲಿ ಪ್ರಕಟಿಸಿದ ಅಪಾಯಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನ ಪಡೆದದ್ದು ಈ ಜಾತಿಯ ದೋಷವೇ. ಗಣಿತದ ಕಗ್ಗಂಟುಗಳನ್ನು ಬಿಡಿಸುವ ಕಳ್ಳರು ವಿರಳ. ೨೧೪ನ್ನು ೨೧೫ ಮಾಡಬಲ್ಲವರು ಎಲ್ಲೆಲ್ಲಿಯೂ ಇದ್ದಾರೆ.

ಟೋಕನ್ ಕದ್ದುಹೋದರೆ

ಮುದ್ರೆಯು ಟೋಕನ್ನನ್ನು ಯಾರು ಕೊಟ್ಟರೆಂಬುದಕ್ಕೆ ಸಾಕ್ಷಿ, ಯಾರು ತಂದರೆಂಬುದಕ್ಕಲ್ಲ. ನಕಲು ಮಾಡಿದ ಟೋಕನ್ನಿಗೂ ಅಸಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ೨೦೧೦ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬುವರು ಬಿಡುಗಡೆಮಾಡಿದ 'ಫೈರ್‌ಶೀಪ್' ಎಂಬ ಚಿಕ್ಕ ಪ್ರೋಗ್ರಾಮು ಇದನ್ನು ಲೋಕಕ್ಕೆಲ್ಲ ತೋರಿಸಿಕೊಟ್ಟಿತು. ಅಂದಿನ ಅನೇಕ ಪ್ರಸಿದ್ಧ ಜಾಲತಾಣಗಳು ಪಾಸ್‌ವರ್ಡನ್ನು ಮಾತ್ರ ಗುಪ್ತಲಿಪಿಯಲ್ಲಿ ಪಡೆದು, ಅನಂತರದ ವ್ಯವಹಾರವನ್ನು ಬಯಲಿನಲ್ಲಿಯೇ ನಡೆಸುತ್ತಿದ್ದವು. ಉಪಾಹಾರಗೃಹದ ತೆರೆದ ವೈಫೈ ಬಳಸುತ್ತಿದ್ದವರ ಕುಕಿಗಳನ್ನು ಅದೇ ಕೋಣೆಯಲ್ಲಿ ಕುಳಿತ ಯಾರು ಬೇಕಾದರೂ ಗಾಳಿಯಿಂದಲೇ ಹಿಡಿದು, ಒಂದು ಗುಂಡಿಯನ್ನು ಒತ್ತಿ ಅವರಾಗಿಬಿಡಬಹುದಾಗಿತ್ತು. ಇಡೀ ವ್ಯವಹಾರವನ್ನು ಗುಪ್ತಲಿಪಿಯಲ್ಲಿ ನಡೆಸುವುದು ಇಂದು ಸಾಮಾನ್ಯವಾಗಿರುವುದಕ್ಕೆ ಈ ಬಗೆಯ ಎಚ್ಚರಿಕೆಗಳೂ ಕಾರಣ. ದಾರಿಯಲ್ಲಿ ಮಾತ್ರವಲ್ಲ, ಬ್ರೌಸರಿನ ಒಳಗೂ ಕಳ್ಳತನ ನಡೆಯಬಹುದು. ಪುಟದಲ್ಲಿ ಹೇಗೋ ನುಸುಳಿದ ಅನ್ಯರ ಪ್ರೋಗ್ರಾಮು ಅಲ್ಲಿರುವ ಟೋಕನ್ನನ್ನು ಓದಿ ಒಯ್ಯುತ್ತದೆ. ಆದಕಾರಣ, ಪುಟದ ಪ್ರೋಗ್ರಾಮುಗಳಿಗೆ ಓದಲು ಸಿಕ್ಕದಂತೆ ಗುರುತು ಹಾಕಿದ ಕುಕಿಯಲ್ಲಿ ಟೋಕನ್ನನ್ನು ಇಡುವುದೇ ಮೇಲೆಂದು ನಮ್ಮ ಅಭಿಪ್ರಾಯ. ಅದಕ್ಕೂ ತನ್ನದೇ ಆದ ತೊಡಕುಗಳಿವೆ. ಅವುಗಳ ವಿವರ ಇಲ್ಲಿ ಬೇಡ.

ಕದಿಯುವ ಶ್ರಮವೇ ಇಲ್ಲದೆ ಸರ್ವರೇ ಟೋಕನ್ನನ್ನು ತಪ್ಪು ಕೈಗೆ ಇಟ್ಟ ಪ್ರಸಂಗವೊಂದು ೨೦೧೮ರಲ್ಲಿ ನಡೆಯಿತು. ಫೇಸ್‌ಬುಕ್ಕಿನಲ್ಲಿ, ನಮ್ಮ ಪುಟವು ಇನ್ನೊಬ್ಬರ ಕಣ್ಣಿಗೆ ಹೇಗೆ ಕಾಣುತ್ತದೆಂದು ನೋಡಿಕೊಳ್ಳುವ ಒಂದು ಸೌಕರ್ಯವಿತ್ತು. ಅದು ನೋಡುವುದಕ್ಕೆ ಮಾತ್ರ. ಅಲ್ಲಿಂದ ಏನನ್ನೂ ಬರೆಯುವಂತಿರಬಾರದು. ಆದರೆ ಹುಟ್ಟುಹಬ್ಬದ ಶುಭಾಶಯ ಬರೆಯುವ ಪೆಟ್ಟಿಗೆಯೊಂದು ಅಲ್ಲಿ ಉಳಿದುಹೋಗಿತ್ತು. ಅದರಲ್ಲಿ ವೀಡಿಯೋ ಸೇರಿಸುವ ಅವಕಾಶವೂ ಇತ್ತು. ೨೦೧೭ರ ಜುಲೈನಲ್ಲಿ ಬದಲಾಯಿಸಿದ್ದ ಆ ವೀಡಿಯೋ ಭಾಗವು ಕೊಡಬಾರದ ಒಂದು ಟೋಕನ್ನನ್ನು ತಯಾರಿಸುತ್ತಿತ್ತು. ಮೊಬೈಲ್ ಆ್ಯಪಿಗೆ ಸಲ್ಲತಕ್ಕ ಅಧಿಕಾರವೆಲ್ಲ ಅದಕ್ಕಿತ್ತು. ಸಾಲದ್ದಕ್ಕೆ ಅದು ಆ ಟೋಕನ್ನನ್ನು ನೋಡುತ್ತಿರುವವರ ಹೆಸರಿನಲ್ಲಿ ಅಲ್ಲ, ಯಾರ ಕಣ್ಣಿನಿಂದ ನೋಡುತ್ತಿದ್ದಾರೋ ಅವರ ಹೆಸರಿನಲ್ಲಿ ಬರೆದು ಪುಟದೊಳಗೆ ಇಡುತ್ತಿತ್ತು. ಈ ಮೂರು ದೋಷಗಳಲ್ಲಿ ಯಾವುದಾದರೊಂದು ಇಲ್ಲದಿದ್ದರೂ ಅನಾಹುತ ಸಂಭವಿಸುತ್ತಿರಲಿಲ್ಲ. ಮೂರೂ ಕೂಡಿದ್ದರಿಂದ, ಗೆಳೆಯನ ಕಣ್ಣಿನಿಂದ ನೋಡಿದವರಿಗೆ ಗೆಳೆಯನ ಟೋಕನ್ ದೊರೆಯಿತು. ಅದರಿಂದ ಅವನ ಗೆಳೆಯರದು, ಅವರಿಂದ ಅವರ ಗೆಳೆಯರದು ಎಂದು ಸರಪಣಿ ಬೆಳೆಯಿತು. ಸೆಪ್ಟೆಂಬರ್ ೧೪ರಂದು ಆ ಸೌಕರ್ಯದ ಬಳಕೆ ವಿಪರೀತವಾಗಿ ಏರಿದುದು ಕಂಡಿತು. ದಾಳಿಯೆಂದು ಖಚಿತವಾದದ್ದು ೨೫ರಂದು. ಯಾರ ಪಾಸ್‌ವರ್ಡೂ ಹೊರಬೀಳಲಿಲ್ಲ, ಯಾವ ಮುದ್ರೆಯೂ ಮುರಿಯಲಿಲ್ಲ. ಆದರೂ ಸುಮಾರು ಮೂರು ಕೋಟಿ ಜನರ ಟೋಕನ್ನುಗಳು ಕಳವಾದವೆಂದು ಸಂಸ್ಥೆಯೇ ಅಕ್ಟೋಬರಿನಲ್ಲಿ ತಿಳಿಸಿತು. ಈ ಪ್ರಕರಣಕ್ಕಾಗಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗವು ೨೦೨೪ರ ಡಿಸೆಂಬರಿನಲ್ಲಿ ೨೫.೧ ಕೋಟಿ ಯೂರೋಗಳ ದಂಡ ವಿಧಿಸಿತು.

ಆಗ ಫೇಸ್‌ಬುಕ್ ಕೈಕೊಂಡ ಕ್ರಮ ಗಮನಾರ್ಹವಾದುದು. ಅಪಾಯಕ್ಕೆ ಸಿಕ್ಕಿರಬಹುದಾದ ಐದು ಕೋಟಿ ಖಾತೆಗಳ ಟೋಕನ್ನುಗಳನ್ನೂ, ಎಚ್ಚರಿಕೆಗೆಂದು ಇನ್ನೂ ನಾಲ್ಕು ಕೋಟಿ ಖಾತೆಗಳ ಟೋಕನ್ನುಗಳನ್ನೂ ಅದು ಒಮ್ಮೆಗೇ ರದ್ದುಮಾಡಿತು. ಒಂಬತ್ತು ಕೋಟಿ ಜನ ಮತ್ತೆ ಪಾಸ್‌ವರ್ಡ್ ಕೊಟ್ಟು ಒಳಬರಬೇಕಾಯಿತು. ಇದು ಅವರಿಗೆ ಸಾಧ್ಯವಾದದ್ದು ಟೋಕನ್ನುಗಳನ್ನು ರದ್ದುಗೊಳಿಸುವ ಶಕ್ತಿಯನ್ನು ತಮ್ಮ ಬಳಿ ಉಳಿಸಿಕೊಂಡಿದ್ದುದರಿಂದ. ಪಟ್ಟಿಯ ಗೊಡವೆಯೇ ಬೇಡವೆಂದು ಮುದ್ರೆಯನ್ನೇ ನೆಚ್ಚಿದ ಟೋಕನ್ನಿನ ಪಾಡೇನು? ಅದನ್ನು ನೀಡಿದ ಸರ್ವರಿಗೂ ಅದು ಕೈಬಿಟ್ಟ ಬಾಣ. ಅವಧಿ ಮುಗಿಯುವವರೆಗೆ ಮುದ್ರೆ ನಿಜವಾಗಿಯೇ ಇರುತ್ತದೆ, ಬಾಗಿಲು ತೆರೆಯುತ್ತಲೇ ಇರುತ್ತದೆ. 'ಹೊರಗೆ ಹೋಗು' ಎಂಬ ಗುಂಡಿಯನ್ನು ನಾವು ಒತ್ತಿದಾಗ ಇಂತಹ ಹಲವು ಜಾಲತಾಣಗಳಲ್ಲಿ ನಡೆಯುವುದು ನಮ್ಮ ಬ್ರೌಸರಿನಲ್ಲಿರುವ ಪ್ರತಿಯನ್ನು ಅಳಿಸುವ ಕೆಲಸ ಮಾತ್ರ. ಬೇರೊಬ್ಬರ ಬಳಿ ನಕಲು ಇದ್ದರೆ ಅದಕ್ಕೆ ಬಾಧೆಯಿಲ್ಲ.

ಇದಕ್ಕೆ ಬಳಕೆಯಲ್ಲಿರುವ ಉಪಾಯ ಒಂದು ರಾಜಿ. ೨೦೧೨ರ ಅಕ್ಟೋಬರಿನಲ್ಲಿ ಪ್ರಕಟವಾದ 'ಓಆಥ್ ೨.೦' ಎಂಬ ನಿಯಮಾವಳಿಯಲ್ಲಿ ಎರಡು ಬಗೆಯ ಟೋಕನ್ನುಗಳಿವೆ. ದಿನದ ಕೆಲಸಕ್ಕೆ ಬಳಸುವುದು ಅಲ್ಪಾಯು. ಅದನ್ನು ಐದೋ ಹತ್ತೋ ನಿಮಿಷಕ್ಕೆ ಸಾಯುವಂತೆ ಮಾಡಬಹುದು. ಅದರ ಮುದ್ರೆಯನ್ನು ನೋಡಿದರೆ ಸಾಕು, ಪಟ್ಟಿ ಬೇಡ. ಇನ್ನೊಂದು ದೀರ್ಘಾಯು. ಅದನ್ನು ಹೊರಗೆ ಎಲ್ಲೆಲ್ಲಿಯೂ ತೋರಿಸದೆ, ಅಲ್ಪಾಯು ಸತ್ತಾಗ ಹೊಸದನ್ನು ಪಡೆಯುವುದಕ್ಕೆ ಮಾತ್ರ ಬಳಸಬೇಕು. ಅದನ್ನು ಕೊಟ್ಟವರು ಪ್ರತಿಸಲವೂ ತಮ್ಮ ಪಟ್ಟಿಯನ್ನು ನೋಡಿಯೇ ಮನ್ನಿಸುತ್ತಾರೆ. ಕದ್ದ ಅಲ್ಪಾಯು ಟೋಕನ್ನಿನಿಂದ ಕಳ್ಳನಿಗೆ ದೊರೆಯುವುದು ಕೆಲವೇ ನಿಮಿಷ. ದೀರ್ಘಾಯುವನ್ನು ಬಳಸಿದಾಗಲೆಲ್ಲ ಹಳೆಯದನ್ನು ರದ್ದುಮಾಡಿ ಹೊಸದನ್ನು ಕೊಡುವ ಪದ್ಧತಿಯೂ ಉಂಟು. ಆಗ ಕಳ್ಳನೂ ಒಡೆಯನೂ ಒಂದೇ ಟೋಕನ್ನನ್ನು ಒಬ್ಬರಾದಮೇಲೊಬ್ಬರು ತಂದರೆ, ಸತ್ತ ಟೋಕನ್ ಮತ್ತೆ ಬಂದಿದೆಯೆಂದು ಸರ್ವರಿಗೆ ಗೊತ್ತಾಗಿ ಅದು ಇಬ್ಬರನ್ನೂ ಹೊರಗೆ ನಿಲ್ಲಿಸುತ್ತದೆ. ನೀಲ್ ಯಂತ್ರದ ಗುಂಡಿನ ಏಕತ್ವವನ್ನು ಪಟ್ಟಿಯ ಸಹಾಯದಿಂದ ಮರಳಿ ತಂದಂತಾಯಿತು. ನಮಗಂತೂ ಇಡೀ ವಿಷಯದಲ್ಲಿ ಅತ್ಯಂತ ಚೊಕ್ಕವೆಂದು ತೋರುವ ಯುಕ್ತಿ ಇದೇ.

೨೦೨೩ರ ಸೆಪ್ಟೆಂಬರಿನಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟ ನಿಯಮಾವಳಿ ಪ್ರಕಟವಾಯಿತು. ಅದರಲ್ಲಿ ಬ್ರೌಸರ್ ತನ್ನದೇ ಒಂದು ಜೋಡಿ ಕೀಲಿಗಳನ್ನು ತಯಾರಿಸಿಕೊಳ್ಳುತ್ತದೆ; ಬಹಿರಂಗ ಕೀಲಿಯ ಗುರುತನ್ನು ಟೋಕನ್ನಿನ ಒಕ್ಕಣೆಯಲ್ಲಿಯೇ ಬರೆಸಿಕೊಳ್ಳುತ್ತದೆ. ಅನಂತರ ಪ್ರತಿಯೊಂದು ಬೇಡಿಕೆಯ ಜೊತೆಗೂ, 'ಇಂತಹ ವಿಳಾಸಕ್ಕೆ, ಇಂತಹ ಹೊತ್ತಿನಲ್ಲಿ, ಇಂತಹ ಕ್ರಮಸಂಖ್ಯೆಯ ಬೇಡಿಕೆ' ಎಂಬ ಸಣ್ಣ ಚೀಟಿಗೆ ತನ್ನ ಗುಪ್ತ ಕೀಲಿಯಿಂದ ರುಜು ಹಾಕಿ ಕಳುಹಿಸುತ್ತದೆ. ಟೋಕನ್ನನ್ನು ಮಾತ್ರ ಕದ್ದವನು ಈ ರುಜುವನ್ನು ಹಾಕಲಾರನು. ಚೀಟಿಯನ್ನೂ ಕದ್ದು ಆ ಕ್ಷಣದಲ್ಲಿಯೇ ಅದನ್ನು ಮರಳಿ ಕಳುಹಿಸಿದರೆ? ಅದಕ್ಕಾಗಿ ಇತ್ತೀಚಿನ ಕೆಲವು ನಿಮಿಷಗಳಲ್ಲಿ ಬಂದ ಚೀಟಿಗಳ ಕ್ರಮಸಂಖ್ಯೆಗಳನ್ನು ಸರ್ವರ್ ಗುರುತು ಹಾಕಿಕೊಂಡಿರಬೇಕಾಗುತ್ತದೆ. ಎಂದರೆ, ಚಿಕ್ಕದಾದರೂ ಒಂದು ಪಟ್ಟಿ ಅಲ್ಲಿಯೂ ಬೇಕು.